ಅಂಗಾಲಿನ ಕಪ್ಪು ಚುಕ್ಕೆ ಊರು ಬಿಟ್ಟು ಹೊರಡುವುದೇಕೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಒಂದು ಗ್ರಾಮೀಣ ಗ್ರಂಥಾಲಯದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ ಇದು. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.

ಹಿರಿಯರಿಗೆ, ಅಕ್ಕಂದಿರಿಗೆ, ಶಾಲೆಯಿಂದ ನೇರವಾಗಿ ಇಲ್ಲಿಗೆ ಬಂದಿರುವ ಮಕ್ಕಳಿಗೆ ನಮಸ್ಕಾರ.

ಒಳಗೆ ಬರುವಾಗ ಮೆಟ್ಟಿಲ ಬಳಿ ಬಿಟ್ಟ ಚಪ್ಪಲಿಗಳ ರಾಶಿಯನ್ನು ನೋಡಿದೆ. ಈಗ ನಾವೆಲ್ಲರೂ ಬರಿಗಾಲಿನಲ್ಲಿ ಕುಳಿತಿದ್ದೇವೆ. ನನ್ನ ಮಾತು ಶುರುವಾಗುವುದೂ ಬರಿಗಾಲಿನಿಂದಲೇ.

ನಾನು ಪೆಥಾಲಜಿಸ್ಟ್. ರೋಗಿಗಳ ಮುಖ ಕಾಣುವುದು ನನಗೆ ಅಪರೂಪ. ಅವರ ಮೈಯಿಂದ ಕತ್ತರಿಸಿ ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಇಂಥ ರೋಗ ಎಂದು ಬರೆದುಕೊಡುವುದು ನನ್ನ ಕೆಲಸ. ಆದರೆ ಒಂದು ಸಲ ನನ್ನ ಮೇಜಿಗೆ ಬಂದ ಚೂರಿನ ಒಡೆಯರು ನಾನು ಚಿಕ್ಕಂದಿನಿಂದ ಬಲ್ಲವರಾಗಿದ್ದರು. ನಮ್ಮ ತೋಟದಲ್ಲಿ ವರ್ಷಗಟ್ಟಲೆ ಅಡಕೆ ಕೊಯ್ದವರು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಟ್ಟವರು. ಮರ ಹತ್ತುವವರ ಕಾಲು ನಿಮಗೆ ಗೊತ್ತು. ಅಂಗಾಲು ಒಣಗಿದ ಹಾಳೆಯ ಹಾಗೆ ದಪ್ಪವಾಗಿರುತ್ತದೆ. ಅವರ ಹಿಮ್ಮಡಿಯಲ್ಲಿ ಒಂದು ಕಪ್ಪು ಕಲೆ ಎದ್ದಿತ್ತು. ಆಣಿ ಎಂದುಕೊಂಡರು. ಬ್ಲೇಡಿನಿಂದ ಕೆರೆದರು, ಆಣಿಯ ಪಟ್ಟಿ ಅಂಟಿಸಿದರು. ಕಡೆಗೆ ಒಂದು ಚಿಕಿತ್ಸಾಲಯಕ್ಕೆ ಹೋದಾಗ ಅಲ್ಲಿ ಅದನ್ನು ಕತ್ತರಿಸಿದರು. ಕತ್ತರಿಸಿದ್ದನ್ನು ಪರೀಕ್ಷೆಗೆ ಕಳುಹಿಸಲಿಲ್ಲ, ಬಿಸಾಡಿದರು. ನನಗೆ ಇವತ್ತಿಗೂ ಸಂಕಟ ಕೊಡುವುದು ಆ ಬಿಸಾಡಿದ ಚೂರು. ಮುಂದಿನ ವರ್ಷ ತೊಡೆಸಂದಿನಲ್ಲಿ ಗಂಟು ಕಾಣಿಸಿಕೊಂಡಿತು. ಮಂಗಳೂರಿಗೆ ಬಂದರು. ಆ ಗಂಟಿನ ಚೂರು ನನ್ನ ಬಳಿ ಬಂತು. ಗಾಜಿನ ಪಟ್ಟಿಯ ಮೇಲೆ ಕಂದು ಬಣ್ಣ ತುಂಬಿಕೊಂಡ ಕೋಶಗಳು. ಅವು ಇರಬೇಕಾದದ್ದು ಚರ್ಮದಲ್ಲಿ, ತೊಡೆಸಂದಿನ ಗಂಟಿನಲ್ಲಿ ಅವುಗಳಿಗೆ ಏನೂ ಕೆಲಸವಿರಲಿಲ್ಲ.

ವಿಷಯ ತಿಳಿಸಿದಾಗ ಅವರು ತುಳುವಿನಲ್ಲಿ ಕೇಳಿದ್ದು ಇಷ್ಟೇ: "ಅಕ್ಕಾ, ಕಾಲಿನದ್ದು ಮೇಲೆ ಹೇಗೆ ಹತ್ತಿತು?" ಅವರಿಗೆ ಆವತ್ತು ಸರಿಯಾಗಿ ಉತ್ತರಿಸಲು ನನಗೆ ಆಗಲಿಲ್ಲ. ಇವತ್ತಿನ ಉಪನ್ಯಾಸ ಆ ಉತ್ತರ.

ಚರ್ಮದ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಮೂರು ಬಗೆ. ಎರಡು ಬಗೆ ಚರ್ಮದ ಹೊದಿಕೆಯ ಕೋಶಗಳಿಂದ ಹುಟ್ಟುತ್ತವೆ, ಹೆಚ್ಚಾಗಿ ಹುಟ್ಟಿದಲ್ಲಿಯೇ ಬೆಳೆಯುತ್ತವೆ. ಮೂರನೆಯದು ಮೆಲನೋಮಾ. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಎಂಬ ಕೋಶಗಳಿಂದ ಅದು ಹುಟ್ಟುತ್ತದೆ. ಸಂಖ್ಯೆಯಲ್ಲಿ ಕಡಿಮೆಯಾದರೂ ಚರ್ಮದ ಕ್ಯಾನ್ಸರಿನ ಸಾವುಗಳಲ್ಲಿ ದೊಡ್ಡ ಪಾಲು ಅದರದೇ, ಏಕೆಂದರೆ ಅದು ಹರಡುತ್ತದೆ. ಬಿಳಿಯ ಚರ್ಮದ ಜನರಲ್ಲಿ ಬಿಸಿಲಿನ ಅತಿನೇರಳೆ ಕಿರಣ ಅದಕ್ಕೆ ದೊಡ್ಡ ಕಾರಣ. ನಮ್ಮಲ್ಲಿ ಅದು ಅಪರೂಪ, ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೂ ಬರುವುದಿಲ್ಲ. ಆದರೆ ಬಂದಾಗ ಹೆಚ್ಚಾಗಿ ಬಿಸಿಲು ಬೀಳದ ಜಾಗದಲ್ಲಿ ಬರುತ್ತದೆ: ಅಂಗಾಲು, ಅಂಗೈ, ಉಗುರಿನ ಅಡಿ. ಗಾಯಕ ಬಾಬ್ ಮಾರ್ಲಿಯವರಿಗೆ 1977ರಲ್ಲಿ ಕಾಲ್ಬೆರಳ ಉಗುರಿನ ಕೆಳಗೆ ಕಂಡದ್ದು ಇದೇ ಬಗೆಯದು. 1981ರಲ್ಲಿ, 36ನೆಯ ವಯಸ್ಸಿನಲ್ಲಿ, ಅದೇ ಅವರನ್ನು ಕೊಂಡೊಯ್ದಿತು. "ನಮ್ಮದು ಕಪ್ಪು ಚರ್ಮ, ನಮಗೆ ಚರ್ಮದ ಕ್ಯಾನ್ಸರ್ ಬರುವುದಿಲ್ಲ" ಎಂಬ ಮಾತನ್ನು ಓದಿದವರ ಬಾಯಲ್ಲಿಯೂ ಕೇಳಿದ್ದೇನೆ. ಅರ್ಧ ಸತ್ಯವಾದ್ದರಿಂದಲೇ ಅದು ಅಪಾಯದ ಮಾತು.

ಇನ್ನು ಜೀನ್‌ಗಳಿಗೆ ಬರೋಣ. ನಮ್ಮ ಒಂದೊಂದು ಕೋಶದೊಳಗೂ ಡಿಎನ್‌ಎ ಎಂಬ ಬರಹವಿದೆ. ತಾಯಿಯಿಂದ ಸುಮಾರು 300 ಕೋಟಿ ಅಕ್ಷರ, ತಂದೆಯಿಂದ ಅಷ್ಟೇ. ಕೋಶ ಎರಡಾಗುವಾಗ ಅಷ್ಟನ್ನೂ ನಕಲು ಮಾಡಬೇಕು. ನಕಲು ಮಾಡುವಾಗ ಅಕ್ಷರದೋಷ ಬರುವುದು ಸಹಜ. ಅದನ್ನು ತಿದ್ದುವ ಏರ್ಪಾಡೂ ಇದೆ, ಅದರ ಕಣ್ಣು ತಪ್ಪಿಸುವ ದೋಷಗಳೂ ಇವೆ. 2002ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳು ಮೆಲನೋಮಾದಲ್ಲಿ ಮತ್ತೆ ಮತ್ತೆ ಕಾಣಸಿಗುವ ಒಂದು ದೋಷವನ್ನು ಗುರುತಿಸಿದರು. ಬಿ-ರಾಫ್ ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಅದರಿಂದ ಪ್ರೋಟೀನಿನ 600ನೆಯ ಸ್ಥಾನದಲ್ಲಿ ವ್ಯಾಲಿನ್ ಎಂಬ ಅಮೈನೋ ಆಮ್ಲವಿರಬೇಕಾದಲ್ಲಿ ಗ್ಲುಟಾಮಿಕ್ ಆಮ್ಲ ಬಂದು ಕೂರುತ್ತದೆ. ಬಿ-ರಾಫ್ ಎಂದರೆ ಕೋಶಕ್ಕೆ "ಬೆಳೆ, ಎರಡಾಗು" ಎಂಬ ಆಜ್ಞೆಯನ್ನು ದಾಟಿಸುವ ಪ್ರೋಟೀನು. ಹೊರಗಿನಿಂದ ಕರೆ ಬಂದಾಗ ಮಾತ್ರ ಅದು ಎಚ್ಚರಗೊಳ್ಳಬೇಕು. ಈ ದೋಷವಿದ್ದರೆ ಕರೆಯಿಲ್ಲದೆಯೂ ಕೂಗುತ್ತಲೇ ಇರುತ್ತದೆ, ಪಂಪಿನ ಸ್ವಿಚ್ಚು ಒತ್ತಿದಲ್ಲೇ ಸಿಕ್ಕಿಕೊಂಡು ತೋಟಕ್ಕೆ ಹಗಲು ರಾತ್ರಿ ನೀರು ಹರಿದಂತೆ. ಪಾಶ್ಚಾತ್ಯ ರೋಗಿಗಳ ಚರ್ಮದ ಮೆಲನೋಮಾಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಬಿ-ರಾಫ್ ದೋಷವಿರುತ್ತದೆ. ಉಳಿದವುಗಳಲ್ಲಿ ಹಲವದರಲ್ಲಿ ಎನ್-ರಾಸ್ ಅಥವಾ ಎನ್‌ಎಫ್1 ಎಂಬ ಜೀನುಗಳು ಕೆಟ್ಟಿರುತ್ತವೆ. ಮೂರೂ ಒಂದೇ ಸರಪಳಿಯ ಕೊಂಡಿಗಳು.

ಹಾಗಾದರೆ ಸಿಕ್ಕಿತಲ್ಲ ಕಾರಣ ಎನ್ನುತ್ತೀರಿ. ಸ್ವಲ್ಪ ತಾಳಿ. ನಿಮ್ಮ ತೋಳಿನ ಮೇಲೆ ಒಂದು ಮಚ್ಚೆಯಿದೆಯೇ ನೋಡಿಕೊಳ್ಳಿ. ಏನೂ ತೊಂದರೆ ಕೊಡದ ಸಾಮಾನ್ಯ ಮಚ್ಚೆಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಬಹುಪಾಲಿನಲ್ಲಿಯೂ ಇದೇ ಬಿ-ರಾಫ್ ದೋಷ ಕಂಡುಬಂತು! ಇದು ತಿಳಿದದ್ದು 2003ರಲ್ಲಿ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ. ಮಚ್ಚೆಯೆಂದರೆ ಕ್ಯಾನ್ಸರಾಗಲು ಹೊರಟು ನಿಂತುಹೋದ ಕೋಶಗಳ ಗುಂಪು. ಕೂಗು ಜೋರಾದಾಗ ಕೋಶವೇ ತನಗೆ ತಾನು ಬ್ರೇಕು ಹಾಕಿಕೊಂಡು ಶಾಶ್ವತವಾಗಿ ನಿಲ್ಲುತ್ತದೆ. ಆ ಬ್ರೇಕುಗಳಲ್ಲಿ ಮುಖ್ಯವಾದದ್ದು ಸಿಡಿಕೆಎನ್2ಎ ಎಂಬ ಜೀನು. ಅದು ಕಳೆದುಹೋದರೆ ಮಚ್ಚೆಯ ತಡೆ ಸಡಿಲವಾಗುತ್ತದೆ. ಟರ್ಟ್ ಎಂಬ ಇನ್ನೊಂದು ಜೀನಿನ ಮುಂಭಾಗದಲ್ಲಿ ದೋಷ ಬಂದರೆ ಕೋಶಕ್ಕೆ ವಯಸ್ಸಾಗುವುದು ನಿಲ್ಲುತ್ತದೆ. ಪಿ-ಟೆನ್ ಎಂಬ ಜೀನು ಹೋದರೆ ಇನ್ನೂ ಒಂದು ತಡೆ ಹೋಯಿತು. ಬಿ-ರಾಫ್ ದೋಷದ ಜೊತೆ ಪಿ-ಟೆನ್ ನಷ್ಟವನ್ನೂ ಕೂಡಿಸಿದ ಇಲಿಗಳಲ್ಲಿ ಮೆಲನೋಮಾ ಹುಟ್ಟಿ ಹರಡಿದ್ದನ್ನು 2009ರಲ್ಲಿ ತೋರಿಸಿದರು.

ಇಲ್ಲಿಯವರೆಗೆ ಹೇಳಿದ್ದು ಬೆಳೆಯುವ ಕಥೆ. ನಮ್ಮವರು ಕೇಳಿದ್ದು ಹತ್ತುವ ಕಥೆ.

1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಕ್ಯಾನ್ಸರಿನಿಂದ ಸತ್ತವರ ದಾಖಲೆಗಳನ್ನು ಓದುತ್ತ ಒಂದು ಸಂಗತಿಯನ್ನು ಗಮನಿಸಿದ. ಕ್ಯಾನ್ಸರ್ ಸಿಕ್ಕಸಿಕ್ಕಲ್ಲಿಗೆ ಹರಡುವುದಿಲ್ಲ, ಕೆಲವು ಅಂಗಗಳನ್ನು ಆರಿಸಿಕೊಳ್ಳುತ್ತದೆ. ಗಿಡ ಬೀಜ ಕಟ್ಟಿದಾಗ ಬೀಜಗಳು ಎಲ್ಲ ಕಡೆ ಚದುರುತ್ತವೆ, ಒಗ್ಗುವ ಮಣ್ಣಿನಲ್ಲಿ ಬಿದ್ದವು ಮಾತ್ರ ಬೆಳೆಯುತ್ತವೆ ಎಂದು ಅವನು ಬರೆದ. ಪಾರೆಯ ಮುರಕಲ್ಲಿನ ಮೇಲೂ ಕೆಳಗಿನ ತೋಟದ ಮೆಕ್ಕಲು ಮಣ್ಣಿನಲ್ಲಿಯೂ ಒಂದೇ ಅಡಕೆ ಬಿತ್ತಿ ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸುಮಾರು ಎಂಬತ್ತು ವರ್ಷದ ಬಳಿಕ ಅಮೆರಿಕದ ಐಸೈಯಾ ಫಿಡ್ಲರ್ ಆ ಬೀಜವನ್ನೇ ಕೈಗೆತ್ತಿಕೊಂಡರು. ಇಲಿಯ ರಕ್ತನಾಳಕ್ಕೆ ಮೆಲನೋಮಾ ಕೋಶಗಳನ್ನು ಚುಚ್ಚಿದರೆ ಅವುಗಳಲ್ಲಿ ಸಾವಿರಕ್ಕೆ ಒಂದು ಕೂಡ ಉಳಿಯುವುದು ಕಷ್ಟ ಎಂದು ಅವರು 1970ರಲ್ಲಿ ಕಂಡರು. ಹರಡುವುದೆಂದರೆ ಕೋಶದ ಪಾಲಿಗೆ ಅಷ್ಟು ದುಸ್ತರವಾದ ಪ್ರಯಾಣ. ಆಮೇಲೆ ಅವರು ಮಾಡಿದ್ದು ನಮ್ಮ ಅಜ್ಜಂದಿರು ಮಾಡುತ್ತಿದ್ದ ಕೆಲಸವನ್ನೇ. ಒಳ್ಳೆಯ ಮರದ ಅಡಕೆ ಬಿತ್ತಿ, ಅದರ ಸಸಿಗಳಲ್ಲಿ ಒಳ್ಳೆಯದರ ಅಡಕೆಯನ್ನು ಮತ್ತೆ ಬಿತ್ತುವ ಹಾಗೆ, ಶ್ವಾಸಕೋಶದಲ್ಲಿ ಬೇರೂರಿದ ಕೋಶಗಳನ್ನು ತೆಗೆದು ಬೆಳೆಸಿ ಮತ್ತೊಂದು ಇಲಿಗೆ ಚುಚ್ಚಿದರು. ಹೀಗೆ ಹತ್ತು ಸಲ. ಹತ್ತನೆಯ ಸಲದ ಕೋಶಗಳು ಮೊದಲಿನವಕ್ಕಿಂತ ಬಹಳ ಹೆಚ್ಚಾಗಿ ಶ್ವಾಸಕೋಶದಲ್ಲಿ ಗಂಟು ಕಟ್ಟಿದವು. ಅಂದಮೇಲೆ ಹರಡುವ ಗುಣವನ್ನು ಆರಿಸಿ ತೆಗೆಯಬಹುದು, ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ದಾಟಿಸಬಹುದು. ಅದು ಕೋಶದೊಳಗೆಲ್ಲೋ ಬರೆದಿರಬೇಕು.

ಎಲ್ಲಿ ಬರೆದಿದೆ ಎಂಬ ಹುಡುಕಾಟ ಅಲ್ಲಿಂದ ಶುರುವಾಯಿತು. 1988ರಲ್ಲಿ ಪ್ಯಾಟ್ರಿಷಿಯಾ ಸ್ಟೀಗ್ ಮತ್ತು ಸಂಗಡಿಗರು ಎನ್‌ಎಂ23 ಎಂಬ ಜೀನನ್ನು ಹೆಸರಿಸಿದರು. ಅದು ಹರಡುವುದನ್ನು ತಡೆಯುವ ಜೀನು, ಹರಡುವ ಮೆಲನೋಮಾಗಳಲ್ಲಿ ಅದರ ದನಿ ಕುಗ್ಗಿರುತ್ತದೆ. 1996ರಲ್ಲಿ ಅಂಥದೇ ಇನ್ನೊಂದು ಸಿಕ್ಕಿತು. ಅದನ್ನು ಕಂಡುಹಿಡಿದದ್ದು ಅಮೆರಿಕದ ಹರ್ಷೆ ಎಂಬ ಚಾಕೊಲೇಟಿನ ಊರಿನಲ್ಲಿ, ಹಾಗಾಗಿ ಅಲ್ಲಿಯ ಚಾಕೊಲೇಟಿನ ಹೆಸರೇ ಅದಕ್ಕೆ ಬಂತು: ಕಿಸ್1. 2000ದಲ್ಲಿ ಫಿಡ್ಲರ್ ಮಾದರಿಯಲ್ಲಿಯೇ ಆರಿಸಿದ ಕೋಶಗಳಲ್ಲಿ ರೋ-ಸಿ ಎಂಬ ಜೀನು ಹೆಚ್ಚು ದುಡಿಯುತ್ತಿರುವುದು ಕಂಡಿತು. ಕೋಶ ತನ್ನ ಅಸ್ಥಿಪಂಜರವನ್ನು ಮಡಚಿ ಬಿಚ್ಚಿ ತೆವಳಲು ಅದು ಬೇಕು. 2006ರಲ್ಲಿ ನೆಡ್9 ಸಿಕ್ಕಿತು, ಅದೂ ಚಲನೆಗೆ ಸಂಬಂಧಿಸಿದ್ದೇ.

ಪಟ್ಟಿ ಬೆಳೆಯಿತು. ಆದರೆ ರೋಗಿಗಳ ಮೂಲ ಗಡ್ಡೆಯನ್ನೂ ದೂರದ ಅಂಗದಲ್ಲಿ ಬೆಳೆದ ಗಂಟನ್ನೂ ಅಕ್ಷರ ಅಕ್ಷರ ಓದಿ ಹೋಲಿಸುವ ಕಾಲ ಬಂದಾಗ ಎಲ್ಲರಿಗೂ ಅಚ್ಚರಿ ಕಾದಿತ್ತು. ಎರಡು ಕಡೆಯೂ ಮುಖ್ಯ ಅಕ್ಷರದೋಷಗಳು ಹೆಚ್ಚುಕಡಿಮೆ ಅವೇ. ಬಿ-ರಾಫ್ ಬೆಳೆಸುತ್ತದೆ ಎಂದು ಬೆರಳು ತೋರಿಸಿದ ಹಾಗೆ, ಇದೇ ಹರಡಿಸುತ್ತದೆ ಎಂದು ಬೆರಳು ತೋರಿಸಬಲ್ಲ ಒಂದು ದೋಷ ಸಿಗಲಿಲ್ಲ. ಬರಹ ಬದಲಾಗಿರಲಿಲ್ಲ, ಓದುವ ಪುಟ ಬದಲಾಗಿತ್ತು. ರೋ-ಸಿ ನಿಮ್ಮ ಕೋಶಗಳಲ್ಲಿಯೂ ಇದೆ, ನನ್ನ ಕೋಶಗಳಲ್ಲಿಯೂ ಇದೆ, ಯಾವ ದೋಷವೂ ಇಲ್ಲದೆ ಇದೆ. ಮೆಲನೋಮಾ ಅದನ್ನು ಗಟ್ಟಿಯಾಗಿ ಓದತೊಡಗುತ್ತದೆ, ಅಷ್ಟೇ.

ಆ ಪುಟಗಳನ್ನು ಓದಲು ಅದು ಕಲಿತದ್ದೆಲ್ಲಿ? ಇದಕ್ಕೆ ಉತ್ತರ ತಾಯಿಯ ಹೊಟ್ಟೆಯಲ್ಲಿದೆ. ಬಸಿರಿನ ನಾಲ್ಕನೆಯ ವಾರದ ಸುಮಾರಿಗೆ ಭ್ರೂಣದ ಬೆನ್ನಿನ ಉದ್ದಕ್ಕೆ ಗದ್ದೆಯ ಬದುವಿನಂತೆ ಒಂದು ಏರಿ ಮೂಡುತ್ತದೆ. ನ್ಯೂರಲ್ ಕ್ರೆಸ್ಟ್ ಎಂದು ಅದರ ಹೆಸರು. ಅಲ್ಲಿಯ ಕೋಶಗಳು ಅಲ್ಲಿ ನಿಲ್ಲುವುದಿಲ್ಲ. ಅಕ್ಕಪಕ್ಕದವರ ಕೈಬಿಟ್ಟು, ಅಂಗಾಂಶಗಳ ನಡುವೆ ದಾರಿ ಮಾಡಿಕೊಂಡು, ಇಡೀ ಮೈಯಲ್ಲಿ ಸಂಚಾರ ಹೊರಡುತ್ತವೆ. ಕೆಲವು ಮುಖದ ಎಲುಬಾಗುತ್ತವೆ, ಕೆಲವು ಕರುಳಿನ ನರಗಳಾಗುತ್ತವೆ. ಇನ್ನು ಕೆಲವು ಚರ್ಮದವರೆಗೆ ನಡೆದು, ಅಂಗಾಲಿನ ತುದಿಗೂ ಮುಟ್ಟಿ, ಅಲ್ಲಿ ನೆಲೆನಿಂತು ಮೆಲನೋಸೈಟುಗಳಾಗುತ್ತವೆ. ಹುಟ್ಟುವ ಮೊದಲೇ ಬೆನ್ನಿನಿಂದ ಹಿಮ್ಮಡಿಯವರೆಗೆ ನಡೆದ ಕೋಶ ಅದು! ಬಿಡಿಸಿಕೊಳ್ಳುವುದು, ನುಸುಳುವುದು, ಹೊಸ ಜಾಗದಲ್ಲಿ ಊರುವುದು, ಎಲ್ಲವೂ ಅದಕ್ಕೆ ಪೂರ್ವಾನುಭವ. ಊರಿದ ಮೇಲೆ ಆ ಪುಟಗಳನ್ನು ಮುಚ್ಚಿಟ್ಟಿರುತ್ತದೆ.

2016ರಲ್ಲಿ ಅಮೆರಿಕದ ಬಾಸ್ಟನ್ನಿನ ಒಂದು ಪ್ರಯೋಗಾಲಯ ಇದನ್ನು ಕಣ್ಣಿಗೆ ಕಾಣುವಂತೆ ಮಾಡಿತು. ಜೀಬ್ರಾಮೀನು ಎಂಬ ಕಿರುಬೆರಳಿಗಿಂತ ಚಿಕ್ಕ ಮೀನು. ಅದರಲ್ಲಿ ಭ್ರೂಣಕಾಲದ ಕ್ರೆಸ್ಟಿನ್ ಎಂಬ ಜೀನು ಎಚ್ಚರವಾದರೆ ಕೋಶ ಹಸಿರಾಗಿ ಹೊಳೆಯುವಂತೆ ಮಾಡಿದ್ದರು. ಆ ಮೀನುಗಳ ಮೆಲನೋಸೈಟುಗಳಲ್ಲೆಲ್ಲ ಬಿ-ರಾಫ್ ದೋಷವಿತ್ತು, ಪಿ53 ಎಂಬ ಕಾವಲು ಜೀನೂ ಇರಲಿಲ್ಲ. ಆದರೂ ಕ್ಯಾನ್ಸರ್ ಹುಟ್ಟಿದ್ದು ಎಲ್ಲೋ ಒಂದೆರಡು ಕಡೆ. ಎಲ್ಲಿ ಒಂದೇ ಒಂದು ಕೋಶ ಹಸಿರಾಗಿ ಬೆಳಗಿತೋ ಅಲ್ಲಿ. ಆ ಚಿತ್ರಗಳನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ನಮ್ಮ ತೋಟದ ಆ ಹಿಮ್ಮಡಿ. ಬೆಳೆದು ನಿಂತ ಕೋಶ ತನ್ನ ಹುಟ್ಟಿನ ಪುಸ್ತಕವನ್ನು ಮತ್ತೆ ತೆರೆದಿತ್ತು.

ಅಂಗಾಲಿನ ಮೆಲನೋಮಾಕ್ಕೆ ಇನ್ನೂ ಒಂದು ವಿಶೇಷವಿದೆ, ನಮಗೆ ಇದೇ ಮುಖ್ಯ. ಇದರಲ್ಲಿ ಬಿ-ರಾಫ್ ದೋಷ ಕಡಿಮೆ. ಕಿಟ್ ಎಂಬ ಜೀನು ಕೆಟ್ಟಿರುವುದು ಕೆಲವರಲ್ಲಿ ಕಾಣುತ್ತದೆ. ಹೆಚ್ಚಾಗಿ ಅಕ್ಷರಕ್ಕಿಂತ ಪುಟಗಳೇ ಅಸ್ತವ್ಯಸ್ತವಾಗಿರುತ್ತವೆ: ಕೆಲವು ಜೀನುಗಳ ಪ್ರತಿ ಎರಡಿರುವ ಬದಲು ಹತ್ತಾರು, ಕೆಲವು ಪೂರ್ತಿ ಕಳೆದುಹೋಗಿರುತ್ತವೆ. ಹೀಗೆ ಹೆಚ್ಚಾಗುವ ಜೀನುಗಳಲ್ಲಿ ಸಿಆರ್‌ಕೆಎಲ್ ಎಂಬುದೊಂದು. ನ್ಯೂಯಾರ್ಕಿನ ವಿಜ್ಞಾನಿಗಳು ಇದನ್ನು ಜೀಬ್ರಾಮೀನಿನ ಮೆಲನೋಸೈಟುಗಳಲ್ಲಿ ಹೆಚ್ಚಿಸಿದಾಗ ಗಡ್ಡೆಗಳು ವಿಶೇಷವಾಗಿ ಈಜುರೆಕ್ಕೆಗಳಲ್ಲಿ ಎದ್ದವು. ಮೀನಿನ ಈಜುರೆಕ್ಕೆ ಎಂದರೆ ನಮ್ಮ ಕೈಕಾಲಿನ ಬಳಗ. ಕೈಕಾಲಿನ ತುದಿಯ ಕೋಶಗಳಲ್ಲಿ ಹಾಕ್ಸ್13 ಎಂಬ ಜೀನುಗಳು "ನೀನಿರುವುದು ತುದಿಯಲ್ಲಿ" ಎಂಬ ವಿಳಾಸವನ್ನು ಬರೆದಿಟ್ಟಿರುತ್ತವೆ. ಆ ವಿಳಾಸವಿದ್ದಲ್ಲಿ ಸಿಆರ್‌ಕೆಎಲ್‌ನ ಆಟ ನಡೆಯುತ್ತದೆ. 2022ರಲ್ಲಿ ಬಂದ ಈ ಶೋಧದಿಂದ ನನಗೆ ಹೊಳೆದದ್ದು, ಒಂದು ಜೀನು ಕೆಟ್ಟದ್ದೇ ಎಂದು ಕೇಳುವುದಕ್ಕಿಂತ ಅದು ಯಾವ ಜಾಗದಲ್ಲಿ ಕೆಟ್ಟದ್ದು ಎಂದು ಕೇಳಬೇಕು. ಜಪಾನಿನ ವೈದ್ಯರು 2016ರಲ್ಲಿ ಅಂಗಾಲಿನ ಮೆಲನೋಮಾಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ ಅವು ಹಿಮ್ಮಡಿ ಮತ್ತು ಪಾದದ ಮುಂಭಾಗದಲ್ಲಿ, ಮೈಯ ಭಾರ ಬೀಳುವಲ್ಲಿ, ಗುಂಪಾಗಿದ್ದವು. ನಡುವಿನ ಕಮಾನಿನಲ್ಲಿ ಕಡಿಮೆ.

ಈಗ ಮಣ್ಣಿನ ಕಡೆಗೆ. ಅಂಗಾಲಿನ ಕೋಶ ಮೊದಲು ತೊಡೆಸಂದಿಗೆ ಹೋಗುವುದು ದುಗ್ಧರಸದ, ಅಂದರೆ ಲಿಂಫ್ ಎಂಬ ದ್ರವದ, ನಾಳಗಳ ಮೂಲಕ. ಗುಡ್ಡದ ನೀರು ಸುರಂಗದಲ್ಲಿ ಹನಿ ಹನಿಯಾಗಿ ಹರಿದು ಅಂಗಳದ ಕೊಳಕ್ಕೆ ಬರುವ ಹಾಗೆ, ಕಾಲಿನ ದುಗ್ಧರಸವೆಲ್ಲ ಅಲ್ಲಿಯ ಗ್ರಂಥಿಗಳಿಗೆ ಬರುತ್ತದೆ. ರಕ್ತದ ದಾರಿ ಬಿಟ್ಟು ಈ ದಾರಿಯೇ ಏಕೆ ಎಂಬುದಕ್ಕೆ 2020ರಲ್ಲಿ ಇಲಿಗಳಲ್ಲಿ ಒಂದು ಸುಂದರ ಉತ್ತರ ಸಿಕ್ಕಿತು. ರಕ್ತದಲ್ಲಿ ಮೆಲನೋಮಾ ಕೋಶದ ಹೊರಪೊರೆಯ ಕೊಬ್ಬು ಕಬ್ಬಿಣದ ನೆರವಿನಿಂದ ಕೆಡುತ್ತದೆ, ತುಕ್ಕು ಹಿಡಿದಂತೆ, ಕೋಶ ಸಾಯುತ್ತದೆ. ದುಗ್ಧರಸದಲ್ಲಿ ಓಲಿಯಿಕ್ ಆಮ್ಲವೆಂಬ ಕೊಬ್ಬು ಹೆಚ್ಚಿದ್ದು, ಅದು ಕೋಶದ ಪೊರೆಗೆ ಸೇರಿಕೊಂಡು ರಕ್ಷಣೆ ಕೊಡುತ್ತದೆ. ಅಲ್ಲಿ ತಂಗಿದ ಕೋಶ ಮುಂದೆ ರಕ್ತಕ್ಕಿಳಿದರೂ ಬದುಕುವ ಸಾಧ್ಯತೆ ಹೆಚ್ಚು. ಆ ಹಿರಿಯರ ಪ್ರಶ್ನೆಗೆ ಇದು ನೇರ ಉತ್ತರ, ಬಂದದ್ದು ಮಾತ್ರ ತಡವಾಗಿ.

ಅದೇ 2020ರಲ್ಲಿ ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾಲಯದವರು ಇನ್ನೊಂದನ್ನು ತೋರಿಸಿದರು. ಅಪೋಇ ಎಂಬ ಜೀನು ಗಡ್ಡೆಯದಲ್ಲ, ನಾವು ತಂದೆತಾಯಿಯಿಂದ ಪಡೆದದ್ದು, ಮೈಯ ಎಲ್ಲ ಕೋಶಗಳಲ್ಲೂ ಇರುವುದು. ಅದರಲ್ಲಿ 2, 3, 4 ಎಂಬ ಮೂರು ಬಗೆ. 4ನೆಯ ಬಗೆ ಇದ್ದವರಿಗೆ ಮರೆವಿನ ರೋಗವಾದ ಆಲ್‌ಝೈಮರ್ ಅಪಾಯ ಹೆಚ್ಚು ಎಂದು ಮೊದಲೇ ಗೊತ್ತಿತ್ತು. ಮೆಲನೋಮಾದಲ್ಲಿ ಮಾತ್ರ ಲೆಕ್ಕ ತಿರುಗಿತು: 4ನೆಯ ಬಗೆಯವರು ಹೆಚ್ಚು ಕಾಲ ಬದುಕಿದರು, 2ನೆಯ ಬಗೆಯವರಲ್ಲಿ ರೋಗ ಜೋರಾಗಿತ್ತು. ಅಂದರೆ ಹರಡುವಿಕೆಯ ಜೀನುಗಳಲ್ಲಿ ಒಂದು ಪಾಲು ಬೀಜದ್ದು, ಒಂದು ಪಾಲು ಮಣ್ಣಿನದು.

ಮಣ್ಣಿನ ಶಕ್ತಿ ಎಷ್ಟೆಂದು ತಿಳಿಯಲು ಸ್ಕಾಟ್ಲೆಂಡಿನ ಒಂದು ಘಟನೆ ಹೇಳುತ್ತೇನೆ. 2003ರಲ್ಲಿ ವರದಿಯಾದದ್ದು. ಒಬ್ಬರ ಮೂತ್ರಪಿಂಡಗಳನ್ನು ಅವರು ತೀರಿಕೊಂಡ ಮೇಲೆ ಇಬ್ಬರಿಗೆ ಜೋಡಿಸಿದರು. ಇಬ್ಬರಿಗೂ ಮೆಲನೋಮಾ ಬಂತು. ದಾನಿಗೆ 16 ವರ್ಷ ಹಿಂದೆ ಮೆಲನೋಮಾ ತೆಗೆದಿದ್ದರು, ಗುಣವಾಗಿದೆ ಎಂದು ನಂಬಿದ್ದರು. ಅಷ್ಟು ವರ್ಷ ಆ ಕೋಶಗಳು ಮೂತ್ರಪಿಂಡದಲ್ಲಿ ಮಲಗಿದ್ದವು. ದಾನಿಯ ರೋಗನಿರೋಧಕ ಶಕ್ತಿ ಅವುಗಳನ್ನು ಏಳಗೊಡಲಿಲ್ಲ. ಕಸಿ ಮಾಡಿಸಿಕೊಂಡವರಿಗೆ ಆ ಶಕ್ತಿಯನ್ನು ಅಡಗಿಸುವ ಔಷಧ ಕೊಡಲೇಬೇಕು. ಆಗ ಅವು ಎದ್ದವು. ಇದೇ ತಿಳಿವಳಿಕೆಯನ್ನು ತಿರುಗಿಸಿ ನಿರೋಧಕ ಕೋಶಗಳ ಬ್ರೇಕು ಬಿಡಿಸುವ ಔಷಧಗಳು ಬಂದವು. ಮೊದಲನೆಯದು 2011ರಲ್ಲಿ ಮೆಲನೋಮಾಕ್ಕೇ ಬಂತು, ಈ ಬಗೆಯ ಔಷಧಗಳ ಹಿಂದಿನ ಶೋಧಗಳಿಗೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ 2018ರಲ್ಲಿ ನೊಬೆಲ್ ಪಡೆದರು. ಬಿ-ರಾಫ್ ಕೂಗನ್ನು ಅಡಗಿಸುವ ಗುಳಿಗೆಯೂ 2011ರದೇ. ಅಂಗಾಲಿನ ಬಗೆಗೆ ಇವು ಬಿಸಿಲಿನ ಬಗೆಯಷ್ಟು ಫಲ ಕೊಡುವುದಿಲ್ಲ. ಹಾಗಾಗಿ ನಾನು ಇನ್ನೂ ಮಿಲಿಮೀಟರನ್ನೇ ನಂಬುತ್ತೇನೆ. 1970ರಲ್ಲಿ ಬ್ರೆಸ್ಲೋ ಎಂಬ ಪೆಥಾಲಜಿಸ್ಟ್ ತೋರಿಸಿಕೊಟ್ಟಂತೆ, ಗಡ್ಡೆ ಚರ್ಮದೊಳಗೆ ಎಷ್ಟು ಆಳ ಇಳಿದಿದೆ ಎಂಬುದರ ಮೇಲೆ ಮುಂದಿನದು ನಿಂತಿದೆ. ಒಂದು ಮಿಲಿಮೀಟರಿಗಿಂತ ತೆಳುವಿದ್ದಾಗ ತೆಗೆದರೆ ಬಹುತೇಕರು ಬದುಕುತ್ತಾರೆ. ಆ ಬಿಸಾಡಿದ ಚೂರು ಎಷ್ಟು ಮಿಲಿಮೀಟರಿತ್ತೋ ಅಳೆಯುವ ಅವಕಾಶ ನನಗೆ ಸಿಗಲಿಲ್ಲ.

ಪ್ರಶ್ನೆಗಳ ಸಮಯದಲ್ಲಿ ಮೊದಲು ಎದ್ದುನಿಂತ ಹಿರಿಯರು ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ಕೇಳಿದರು. ಈ ಸೀಮೆಯಲ್ಲಿ ಅದನ್ನು ಕೇಳದೆ ಸಭೆ ಮುಗಿಯಬಾರದು. ಗೇರು ತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ ಆಕಾಶದಿಂದ ಸುರಿದ ಆ ವಿಷವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ನಿಷೇಧಿಸಿತು. ಮೆಲನೋಮಾದ ಸ್ಥಾಪಿತ ಕಾರಣಗಳಲ್ಲಿ ಅದು ಇಲ್ಲ. ಹಾಗೆಂದು ನನ್ನ ಈ ಮಾತನ್ನು ಹಿಡಿದು ಯಾರೂ ಇಲ್ಲಿಯ ಮನೆಗಳ ನೋವನ್ನು ಸಣ್ಣದು ಮಾಡಬಾರದು, ಅದು ಬೇರೆಯೇ ಕಡತ.

ಮಕ್ಕಳಿಗೆ ಬರುತ್ತದೆಯೇ ಎಂದು ಒಬ್ಬ ತಾಯಿ ಕೇಳಿದರು. ಅಂಗಾಲಿನ ಕೋಶದಲ್ಲಿ ಬಂದ ಅಕ್ಷರದೋಷ ಆ ಕೋಶದ ಸಂತತಿಗೆ ಮಾತ್ರ ಹೋಗುತ್ತದೆ, ಮಕ್ಕಳಿಗೆ ಹೋಗುವುದಿಲ್ಲ. ಸಿಡಿಕೆಎನ್2ಎ ದೋಷ ಹುಟ್ಟಿನಿಂದಲೇ ಇರುವ ಕುಟುಂಬಗಳು ಲೋಕದಲ್ಲಿವೆ, ಆದರೆ ವಿರಳ.

ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವ ಅಕ್ಕ ಒಬ್ಬರು ತಮ್ಮ ಕಪ್ಪಾದ ಅಂಗೈಯನ್ನೇ ಎತ್ತಿ ತೋರಿಸಿದರು. ಅದು ಸಿಪ್ಪೆಯ ಎಣ್ಣೆಯ ಕಲೆ, ಸತ್ತ ಮೇಲ್ಪದರದಲ್ಲಿ ಕೂರುತ್ತದೆ, ಕೆಲಸ ಬಿಟ್ಟರೆ ಕೆಲವು ವಾರಗಳಲ್ಲಿ ಚರ್ಮದೊಂದಿಗೆ ಉದುರುತ್ತದೆ. ಉದುರದೆ ಉಳಿಯುವ, ಅಗಲವಾಗುತ್ತ ಹೋಗುವ, ಅಂಚು ಹರಿದಂತಿರುವ ಕಪ್ಪನ್ನು ತೋರಿಸಬೇಕು.

ಸಭೆ ಮುಗಿದ ಮೇಲೆ ಹುಡುಗನೊಬ್ಬ ತನ್ನ ಅಜ್ಜನನ್ನು ಕೈಹಿಡಿದು ಕರೆತಂದ. ಅಜ್ಜನ ಪಾದದ ಮುಂಭಾಗದಲ್ಲಿ ಗೋಧಿ ಕಾಳಿನಷ್ಟು ಒಂದು ಕಂದು ಚುಕ್ಕೆ. ನನ್ನ ಜೊತೆ ಬಂದಿದ್ದ ಚರ್ಮರೋಗ ತಜ್ಞೆ ಗೆಳತಿ ತನ್ನ ಬೆಳಕಿನ ಮಸೂರವನ್ನು ಅದರ ಮೇಲಿಟ್ಟಳು. ಅಂಗಾಲಿನ ಚರ್ಮ ಉತ್ತ ಗದ್ದೆಯಂತೆ, ಏರಿ ಮತ್ತು ಸಾಲುಗಳಿಂದಾದದ್ದು. ಏರಿಯ ಮೇಲೆ ಬೆವರಿನ ರಂಧ್ರಗಳು ಚುಕ್ಕಿ ಇಟ್ಟಂತೆ ಕಾಣುತ್ತವೆ. ಬಣ್ಣ ಏರಿಗಳ ಉದ್ದಕ್ಕೂ ಹರಡಿದ್ದರೆ ಮೆಲನೋಮಾದ ಶಂಕೆ. ಸಾಲುಗಳಲ್ಲಿ ನಿಂತಿದ್ದರೆ ಸಾಮಾನ್ಯವಾಗಿ ಬರಿಯ ಮಚ್ಚೆ. ಹುಡುಗನಿಗೂ ನೋಡಬೇಕಿತ್ತು. ಅವನನ್ನು ಮೊಣಕಾಲೂರಿ ಕೂರಿಸಿ, ಒಂದು ಕಣ್ಣು ಮುಚ್ಚಲು ಹೇಳಿ, ಮಸೂರವನ್ನು ಅವನ ಕೈಗೆ ಕೊಟ್ಟೆವು. ಬಹಳ ಹೊತ್ತು ನೋಡಿದ.

"ಸಾಲಿನಲ್ಲಿದೆ ಅಜ್ಜಾ" ಎಂದ.